ಗಾಡಿ ಓಡಿಸಿಕೊಂಡು ಬಂದ ಹುಡುಗ ಅದರಲ್ಲಿ ಮಲಗುವಂತಿಲ್ಲವಂತೆ: ನಮ್ಮ ಕ್ಯಾರವಾನ್ ಕ್ಲಬ್‌ಗೆ ಒಂದು ದೂರು

ಇವರಿಗೆ,
ಸದಸ್ಯರ ಸೇವಾ ವಿಭಾಗ

ವಿಷಯ: ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ, ನಿಲ್ಲಿಸಿ ತಂಗುವ ಡರ್ಬಿಶೈರ್‌ನ ನಿಮ್ಮ ಸೈಟ್‌ನ ಗೇಟಿನಿಂದ ನಮ್ಮನ್ನು ವಾಪಸ್ ಕಳಿಸಿದ್ದು, ಆಮೇಲೆ ಅದಕ್ಕೆ ದುಡ್ಡನ್ನೂ ಹಿಡಿದುಕೊಂಡದ್ದು.

ಮಾನ್ಯರೇ,

ಇಂಗ್ಲಿಷ್‌ನಲ್ಲಿ ಬರೆದ ಪತ್ರಗಳಿಗೆ ನಿಮ್ಮಿಂದ ಬಂದದ್ದು ಒಂದೇ ಅಚ್ಚಿನ ಉತ್ತರ. ಕೆಳಗೆ ಬರೆದವರ ಹೆಸರೂ ಇಲ್ಲ. ಹಾಗಾಗಿ ಈ ಸಲ ನನಗೆ ಸಲೀಸಾದ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಓದಿಸಿಕೊಳ್ಳುವ ಕೆಲಸ ನಿಮ್ಮದು. ಎಲ್ಲ ಸಮುದಾಯದವರಿಗೂ ಸ್ವಾಗತ ಅಂತ ನಿಮ್ಮ ಪತ್ರಿಕೆಯಲ್ಲಿ ಪುಟ ತುಂಬ ಹಾಕಿಕೊಳ್ಳುತ್ತೀರಲ್ವಾ, ಇಷ್ಟು ದೊಡ್ಡ ಇಂಗ್ಲೆಂಡಿನಲ್ಲಿ ಕನ್ನಡ ಬಲ್ಲ ಒಬ್ಬರು ಸಿಗದೇ ಹೋಗಲಾರರು.

ಸಮಾಧಾನವಾಗಿ ಬರೆಯಿರಿ ಅಂತ ಹೆಂಡತಿ ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ಜನವರಿಯಲ್ಲೇ ಆಗಸ್ಟ್‌ಗೆ ಪಿಚ್, ಅಂದರೆ ಕ್ಯಾರವಾನ್ ನಿಲ್ಲಿಸುವ ಜಾಗ, ಬುಕ್ ಮಾಡಿದ್ದೆ. ನಾನು, ನನ್ನ ಹೆಂಡತಿ, ಊರಿಂದ ಬಂದಿದ್ದ ನನ್ನ ಅಮ್ಮ, ಮತ್ತು ನಮ್ಮ ಮಗ. ನಿಮ್ಮ ಫಾರ್ಮಿನಲ್ಲಿ 18ರ ಕೆಳಗಿನವರಿಗೆ ಅಂತ ಬೇರೆ ಕಾಲಂ ಇತ್ತು. ಅದರಲ್ಲಿ ಒಂದು ಅಂತ ತುಂಬಿದೆ. ಫಾರ್ಮ್ ಒಪ್ಪಿಕೊಂಡಿತು. ದುಡ್ಡೂ ಪೂರ್ತಿ ಹೋಯಿತು. ಈಸ್ಟರ್ ಹೊತ್ತಿಗೆ ಆ ಸೈಟನ್ನು ವಯಸ್ಕರಿಗೆ ಮಾತ್ರ ಅಂತ ನೀವು ಬದಲಾಯಿಸಿದ್ದೀರಿ. ಈ ಬಗ್ಗೆ ಇಮೇಲ್ ಕಳಿಸಿದ್ದೇವೆ ಅನ್ನುತ್ತೀರಿ. ನನಗೆ ಬಂದಿಲ್ಲ. ಸದಸ್ಯತ್ವದ ಹಣ ಕಟ್ಟಿ ಅನ್ನುವ ಇಮೇಲ್ ಮಾತ್ರ ಇದೇ ವಿಳಾಸಕ್ಕೆ ಪ್ರತಿ ವರ್ಷ ತಪ್ಪದೇ ಬರುತ್ತದೆ, ಅದೇನು ಮಾಯೆಯೋ.

ಇನ್ನು ಗೇಟಿನ ಕಥೆ. ನಿಮ್ಮ ಫೋನಿನವರು ಇದನ್ನು "ಪ್ರವೇಶದ ಸಮಯದಲ್ಲಿ ಉಂಟಾದ ಗೊಂದಲ" ಅಂತ ದಾಖಲು ಮಾಡಿಕೊಂಡಿದ್ದಾರೆ. ಗೊಂದಲ ಏನೂ ಇರಲಿಲ್ಲ. ಎಲ್ಲ ಸ್ಪಷ್ಟವಾಗೇ ನಡೆಯಿತು.

ಎಂ1 ಮೋಟರ್‌ವೇಯಲ್ಲಿ ಬಂದು, ಆಮೇಲೆ ಎ6 ರಸ್ತೆ ಹಿಡಿದು, ಮ್ಯಾಟ್ಲಾಕ್ ಮೇಲೆ ಬೇಕ್‌ವೆಲ್ ದಾಟಿ ಬಂದೆವು. ಮಿಲ್ಟನ್ ಕೀನ್ಸ್‌ನಿಂದ ಅಲ್ಲಿಯವರೆಗೂ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಓಡಿಸಿದ್ದು ನನ್ನ ಮಗ. ಮೋಟರ್‌ವೇಯಲ್ಲಿ 60 ಮೈಲಿ ದಾಟಲಿಲ್ಲ, ಮೂರನೇ ಲೇನಿಗೆ ಹೋಗಲಿಲ್ಲ, ಎ6ನಲ್ಲಿ 50ರ ಒಳಗೇ ಇದ್ದ. ನಾನು ಪಕ್ಕದ ಸೀಟಿನಲ್ಲಿ ಸುಮ್ನೆ ಕೂತಿದ್ದೆ. ಸುಮ್ನೆ ಅಂದರೆ, ಮ್ಯಾಟ್ಲಾಕಿನ ತಿರುವುಗಳಲ್ಲಿ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾ.

ಗೇಟಿನ ಹತ್ತಿರ, ಸೈಟ್ ನೋಡಿಕೊಳ್ಳುವ ನಿಮ್ಮ ವಾರ್ಡನ್ ಟ್ಯಾಬ್ಲೆಟ್ ಹಿಡಿದು ಬಂದರು. ಎದೆಯ ಮೇಲೆ "ಸಹಾಯಕ್ಕೆ ಸಿದ್ಧ" ಅನ್ನುವ ಬ್ಯಾಡ್ಜ್. ಮೊದಲು ನಮ್ಮ ಹೆಸರನ್ನು ತಪ್ಪಾಗಿ ಓದಿದರು. ಆಮೇಲೆ ಇನ್ನೊಂದು ತರಹ ತಪ್ಪಾಗಿ ಓದಿದರು. ಅದು ದೊಡ್ಡದಲ್ಲ, ಅಭ್ಯಾಸ ಇದೆ. ಆಮೇಲೆ ಬಗ್ಗಿ ಸ್ಟಿಯರಿಂಗ್ ಹಿಂದೆ ಕೂತಿದ್ದವನ ಮುಖವನ್ನೇ ನೋಡಿದರು.

"ಡ್ರೈವರ್‌ಗೆ ಎಷ್ಟು ವಯಸ್ಸು?"

"ಹದಿನೇಳು," ಅಂದ ಮಗ. ಅಷ್ಟೇ ಅಲ್ಲ, ಲೈಸೆನ್ಸ್ ಕೂಡ ತೆಗೆದು ತೋರಿಸಿದ ಪಾಪ. ಕೇಳುತ್ತಿರುವುದು ಅದಕ್ಕೇ ಇರಬೇಕು ಅಂದುಕೊಂಡಿದ್ದ.

"ಹಾಗಾದರೆ ಒಳಗೆ ಬಿಡೋಕೆ ಆಗಲ್ಲ. ಇದು ವಯಸ್ಕರ ಸೈಟ್."

ನಾನು ಹೇಳಿದೆ, "ಇಷ್ಟು ದೂರ ಗಾಡಿ ಓಡಿಸಿದ್ದೇ ಅವನು."

"ಓಡಿಸಬಹುದು ಸರ್. ಮಲಗೋ ಹಾಗಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಬುಕಿಂಗ್ ತೋರಿಸಿದೆ. ಟ್ಯಾಬ್ಲೆಟ್ ಉಜ್ಜಿದರು, ಇನ್ನೊಮ್ಮೆ ಉಜ್ಜಿದರು. "ಬುಕಿಂಗ್ ಸರಿಯಾಗಿದೆ, ಆದರೆ ನಿಯಮ ಬದಲಾಗಿದೆ" ಅಂದರು. ಹಾಗಾದರೆ ಹಗಲು ಹೊತ್ತಾದರೂ ನಮ್ಮ ಜೊತೆ ಇರಬಹುದಾ ಅಂತ ಕೇಳಿದೆ. ಹಗಲಿನ ಅತಿಥಿಗಳೂ ವಯಸ್ಕರೇ ಆಗಿರಬೇಕಂತೆ. ಆಮೇಲೆ ದನಿ ತಗ್ಗಿಸಿ, ಉಪಕಾರ ಮಾಡುವವರ ಹಾಗೆ ಒಂದು ಉಪಾಯ ಕೊಟ್ಟರು. ಹುಡುಗನನ್ನು ಪಕ್ಕದ ಊರಿನ ಹಾಸ್ಟೆಲ್‌ಗೆ ಬಿಟ್ಟು ಬನ್ನಿ, ನೀವು ಮೂವರು ಆರಾಮಾಗಿ ಇರಿ, ದುಡ್ಡೂ ದಂಡ ಆಗಲ್ಲ ಅಂತ.

ಇದನ್ನು ಅವನ ಎದುರಿಗೇ ಹೇಳಿದರು. ಅವನ ಕೈ ಇನ್ನೂ ಸ್ಟಿಯರಿಂಗ್ ಮೇಲೇ ಇತ್ತು, ಲೈಸೆನ್ಸ್ ಇನ್ನೂ ಬೆರಳ ಸಂದಿಯಲ್ಲಿತ್ತು. ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು, "ಏನಂತೆ? ಹುಡುಗ ಏನು ಮಾಡಿದನಂತೆ?" ಏನೂ ಮಾಡಿಲ್ಲಮ್ಮ ಅಂದೆ. "ಮತ್ಯಾಕೆ ಬಿಡ್ತಿಲ್ಲ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ಬರೆದು ಕಳಿಸಿ, ಓದಿ ಹೇಳುತ್ತೇನೆ.

ಅಷ್ಟರಲ್ಲಿ ನಮ್ಮ ಹಿಂದೆ ಎರಡು ಮೋಟರ್‌ಹೋಮ್ ಬಂದು ನಿಂತಿದ್ದವು. ಅವಕ್ಕೆ ದಾರಿ ಬಿಡಬೇಕು. ಒಳಗೆ ಹೋಗಿ ತಿರುಗಿಸಿಕೊಂಡು ಬರುತ್ತೇವೆ ಅಂದರೆ ಅದಕ್ಕೂ ವಾರ್ಡನ್ ಒಪ್ಪಲಿಲ್ಲ. ಹಾಗಾಗಿ ಅವು ಹಿಂದೆ ಸರಿದು, ನಾವು ಆ ಇಕ್ಕಟ್ಟಿನ ಗೇಟಿನಿಂದ ಕ್ಯಾರವಾನನ್ನು ರಿವರ್ಸ್ ತೆಗೆಯಬೇಕಾಯಿತು. ಒಳಗೆ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದ ವಯಸ್ಕರೆಲ್ಲ ಗ್ಲಾಸ್ ಹಿಡಿದುಕೊಂಡು ನೋಡುತ್ತಿದ್ದರು. ಒಬ್ಬರು ಚೆನ್ನಾಗಿ ಕಾಣಲಿ ಅಂತ ಕುರ್ಚಿಯನ್ನೇ ಈ ಕಡೆ ತಿರುಗಿಸಿಕೊಂಡರು. ಕಂಬಕ್ಕೆ ಕಟ್ಟಿದ್ದ ಅವರ ಲ್ಯಾಬ್ರಡಾರ್ ನಮ್ಮನ್ನು ನೋಡಿ ಬೊಗಳುತ್ತಲೇ ಇತ್ತು. ಅದಕ್ಕೆ ಎಷ್ಟು ವಯಸ್ಸು ಅಂತ ಯಾರೂ ಕೇಳಿರಲಾರರು. ಮಗ ಒಂದು ಸಲವೂ ಕಂಬಕ್ಕೆ ತಾಗಿಸದೆ ಹೊರಗೆ ತೆಗೆದ. ಕೈ ಸನ್ನೆ ಮಾಡುತ್ತಾ ನಿಂತಿದ್ದ ನಿಮ್ಮ ವಾರ್ಡನ್ ಕೊನೆಗೆ ಕಿಟಕಿಯ ಹತ್ತಿರ ಬಂದು ಹೇಳಿದ್ದೇನು ಗೊತ್ತಾ? "ಈ ವಯಸ್ಸಿಗೆ ಬಹಳ ಚೆನ್ನಾಗಿ ಓಡಿಸ್ತೀಯ."

ಅವನು ಥ್ಯಾಂಕ್ಸ್ ಅಂದ. ನನ್ನ ಮಗನಿಗೆ ನನಗಿಂತ ಜಾಸ್ತಿ ಸಂಸ್ಕಾರ ಇದೆ.

ಕಾನೂನು ನಿಮ್ಮ ಕಡೆ ಇದೆ ಅಂತ ನಿಮ್ಮವರು ಫೋನಿನಲ್ಲಿ ಹೇಳಿದರು. ಗೊತ್ತು ಸ್ವಾಮಿ. 2010ರ ಸಮಾನತೆ ಕಾಯ್ದೆಯಲ್ಲಿ ಸೇವೆ ಕೊಡುವಾಗ ವಯಸ್ಸಿನ ತಾರತಮ್ಯ ಮಾಡಬಾರದು ಅನ್ನುವುದು 18 ತುಂಬಿದವರಿಗೆ ಮಾತ್ರ. ಹದಿನೇಳರವನಿಗೆ ಆ ರಕ್ಷಣೆ ಇಲ್ಲ. ಆದರೆ ಇದೇ ದೇಶ ಹದಿನೇಳಕ್ಕೆ ಅವನಿಗೆ ಕಾರು ಕೊಡುತ್ತದೆ. 1997ರಿಂದೀಚೆಗೆ ಲೈಸೆನ್ಸ್ ಪಡೆದವರು ದೊಡ್ಡ ಕ್ಯಾರವಾನ್ ಎಳೆಯಲು ಬೇರೆ ಪರೀಕ್ಷೆ ಪಾಸು ಮಾಡಬೇಕಿತ್ತಲ್ಲ, 2021ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದು ಹಾಕಿದರು. ಈಗ 3,500 ಕಿಲೋವರೆಗೆ ಅವನು ಎಳೆಯಬಹುದು. ಅಪ್ಪ ಅಮ್ಮ ಒಪ್ಪಿದರೆ 16ಕ್ಕೇ ಸೈನ್ಯ ಸೇರಬಹುದು. ಸ್ಕಾಟ್ಲೆಂಡ್‌ನಲ್ಲಾದರೆ 16ಕ್ಕೆ ಮದುವೆಯನ್ನೇ ಆಗಬಹುದು, ಹೆಂಡತಿಯನ್ನು ಕರೆದುಕೊಂಡು ನಿಮ್ಮ ಗೇಟಿಗೆ ಬಂದರೆ ಇಬ್ಬರನ್ನೂ ಹಾಸ್ಟೆಲ್‌ಗೆ ಕಳಿಸುತ್ತೀರೇನೋ.

ವಯಸ್ಕರಿಗೆ ಮಾತ್ರ ಅನ್ನುವ ಸೈಟ್‌ಗಳೇ ಇರಬಾರದು ಅಂತ ನಾನು ಹೇಳುತ್ತಿಲ್ಲ. ಖಾಸಗಿಯವರು ಬೇಕಾದಷ್ಟು ನಡೆಸುತ್ತಾರೆ, ನಡೆಸಲಿ. ಐದು ಕ್ಯಾರವಾನ್ ಹಿಡಿಯುವ ಚಿಕ್ಕ ಸೈಟ್‌ಗಳಲ್ಲಿ ರೈತರು ಮಕ್ಕಳು ಬೇಡ ಅಂದರೆ ಅದೂ ಸರಿ. ಹೊಲ ಅವರದು. ಆದರೆ ಇದು ಕ್ಲಬ್‌ನ ಸ್ವಂತ ಸೈಟ್. ಅದರ ಟಾಯ್ಲೆಟ್ ಕಟ್ಟಡ, ಕರೆಂಟ್ ಪಾಯಿಂಟ್, ಜಲ್ಲಿ ಹಾಕಿದ ಪಿಚ್, ಎಲ್ಲದರಲ್ಲೂ ನನ್ನ ಸದಸ್ಯತ್ವದ ದುಡ್ಡಿದೆ. ಕುಟುಂಬ ಸಮೇತ ಬನ್ನಿ ಅಂತ ಫೋಟೊ ಹಾಕಿ ಸದಸ್ಯರನ್ನು ಮಾಡಿಕೊಂಡು, ಆಮೇಲೆ ಕುಟುಂಬವನ್ನೇ ಗೇಟಿನಲ್ಲಿ ಸೋಸುವುದು ಯಾವ ಲೆಕ್ಕ?

ಅದೂ ಆಗಸ್ಟ್‌ನಲ್ಲಿ! ಸ್ಕೂಲಿಗೆ ಹೋಗುವ ಮಕ್ಕಳಿರುವವರಿಗೆ ರಜೆ ಸಿಗುವುದೇ ಆಗ. ಟರ್ಮ್ ನಡುವೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಇಂಗ್ಲೆಂಡಿನಲ್ಲಿ ಈಗ ತಂದೆಗೂ 80 ಪೌಂಡ್, ತಾಯಿಗೂ 80 ಪೌಂಡ್ ದಂಡ, ಅದೂ ಒಂದು ಮಗುವಿಗೆ. ತಡ ಮಾಡಿದರೆ 160. ಮಕ್ಕಳ ಸದ್ದು ಬೇಡ ಅನ್ನುವವರಿಗೆ ಸೆಪ್ಟೆಂಬರ್ ಇದೆ, ಮೇ ಇದೆ, ಜೂನ್ ಇದೆ. ವಾರದ ದಿನಗಳಲ್ಲಿ ನಿಮ್ಮ ಸೈಟ್‌ಗಳು ತಾನಾಗಿಯೇ ವಯಸ್ಕರ ಸೈಟ್ ಆಗಿರುತ್ತವೆ, ಬೋರ್ಡ್ ಹಾಕುವುದೇ ಬೇಡ. ಆ ತಿಂಗಳುಗಳಲ್ಲಿ ಬೇಕಾದರೆ ಬೋರ್ಡನ್ನೂ ಹಾಕಿ, ನಾನು ಬಾಯಿ ಬಿಡುವುದಿಲ್ಲ. ಇಡೀ ವರ್ಷ ಅವರ ಕೈಗೆ ಕೊಟ್ಟು, ನಮಗಿರುವ ಆರು ವಾರದ ಬೇಸಿಗೆ ರಜೆಯನ್ನೂ ಅವರಿಗೇ ಬಡಿಸಿದಿರಿ.

ಗಲಾಟೆಯೇ ಸಮಸ್ಯೆ ಅಂದರೆ ಅದಕ್ಕೆ ನಿಮ್ಮಲ್ಲೇ ನಿಯಮಗಳಿವೆ, ನಿಮಗೆ ನಾನು ಹೇಳಿಕೊಡಬೇಕಾ? ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಮೌನ. ಪಿಚ್‌ಗಳ ನಡುವೆ ಚೆಂಡಾಟ ಇಲ್ಲ. ಮೀರಿದವರನ್ನು ಹೊರಗೆ ಕಳಿಸುವ ಅಧಿಕಾರ ವಾರ್ಡನ್‌ಗೆ ಇದೆ. ಗದ್ದಲ ಮಾಡಿದವರನ್ನು ಕಳಿಸಿ, ಎಂಟು ವರ್ಷದವರಾಗಲಿ ಎಂಬತ್ತರವರಾಗಲಿ. ನನ್ನ ಮಗನಂತೂ ಹೆಡ್‌ಫೋನ್ ಹಾಕಿಕೊಂಡು ಕೂತರೆ ಊಟಕ್ಕೆ ಏಳಿಸುವುದೇ ಕಷ್ಟ.

ಇಷ್ಟಾದ ಮೇಲೂ ನಾನು ಮರ್ಯಾದೆಯಿಂದಲೇ ಫೋನ್ ಮಾಡಿದೆ. ಪಿಯಾನೋ ಸಂಗೀತ ಬಾಯಿಪಾಠ ಆಗುವಷ್ಟು ಹೊತ್ತು ಕಾದೆ. ಒಬ್ಬರು, ಮಗನಿಗೆ 18 ತುಂಬಿದ ಮೇಲೆ ಖಂಡಿತ ಬನ್ನಿ ಸರ್ ಅಂದರು. ಇನ್ನೊಬ್ಬರು, 72 ಗಂಟೆ ಮೊದಲು ರದ್ದು ಮಾಡದ ಕಾರಣ ದುಡ್ಡು ವಾಪಸ್ ಇಲ್ಲ ಅಂದರು. ನಾವು ಬಂದೆವು, ನೀವೇ ಬಿಡಲಿಲ್ಲ ಅಂದರೆ, ಸಿಸ್ಟಮ್‌ನಲ್ಲಿ "ಬಂದಿಲ್ಲ" ಅಂತ ಇದೆಯಂತೆ. ಕೊನೆಗೆ ಕಳೆದ ವಾರ ಒಂದು ಲಕೋಟೆ ಬಂತು. ಒಳಗೆ 10 ಪೌಂಡಿನ ವೋಚರ್, ಬೇಜಾರು ಮಾಡಿಕೊಳ್ಳಬೇಡಿ ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಶಾಲಾ ರಜೆಯ ದಿನಗಳಲ್ಲಿ ಬಳಸುವಂತಿಲ್ಲ.

ವೋಚರ್ ಇದರ ಜೊತೆಗೇ ಇದೆ. ನೀವೇ ಇಟ್ಟುಕೊಳ್ಳಿ.

ನನಗೆ ಬೇಕಾದದ್ದು ಇಷ್ಟು. ಪೂರ್ತಿ ದುಡ್ಡು ವಾಪಸ್, "ಬಂದಿಲ್ಲ" ಅನ್ನುವ ಕಪ್ಪು ಚುಕ್ಕೆ ನನ್ನ ದಾಖಲೆಯಿಂದ ಹೋಗಬೇಕು, ಮತ್ತು ಕ್ಷಮೆ ಕೇಳಿ ಒಂದು ಪತ್ರ, ನನಗಲ್ಲ, ನನ್ನ ಮಗನ ಹೆಸರಿಗೆ. ಹದಿನಾಲ್ಕು ದಿನ ಸಮಯ ಕೊಟ್ಟಿದ್ದೇನೆ. ಕಟ್ಟಿದ್ದು ಕ್ರೆಡಿಟ್ ಕಾರ್ಡ್‌ನಲ್ಲಿ, ಮೊತ್ತ 100 ಪೌಂಡ್ ದಾಟಿದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ನಿಮ್ಮ ಜೊತೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ, ಬೇಕಾದರೆ ನಿಮ್ಮ ವಕೀಲರನ್ನು ಕೇಳಿ. ಬ್ಯಾಂಕು ಕೊಡದಿದ್ದರೆ ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ವಾರ್ಷಿಕ ಸಭೆಗೆ ಒಂದು ನಿರ್ಣಯವನ್ನೂ ಬರೆಯುತ್ತಿದ್ದೇನೆ. ಶಾಲಾ ರಜೆಯಲ್ಲಿ ಕ್ಲಬ್‌ನ ಯಾವ ಸ್ವಂತ ಸೈಟೂ ಮಕ್ಕಳಿಗೆ ಮುಚ್ಚಿರಬಾರದು ಅಂತ. ಸಹಿ ಹಾಕುವವರು ಸಿಗುತ್ತಿದ್ದಾರೆ, ಅವರಲ್ಲಿ ಅಜ್ಜಂದಿರೇ ಜಾಸ್ತಿ. ಮೊಮ್ಮಕ್ಕಳನ್ನು ಕರೆತರುವ ಹಾಗಿಲ್ಲ ಅಂತ ಅವರಿಗೆ ಈಗ ಗೊತ್ತಾಗುತ್ತಿದೆ.

ಇದ್ಯಾವುದೂ ಆಗದಿದ್ದರೆ ಇನ್ನೊಂದು ದಾರಿ ಇದೆ. ಇಲ್ಲಿ ನಮ್ಮ ಕನ್ನಡದವರದ್ದೊಂದು ಗುಂಪಿದೆ. ಎಲ್ಲರೂ 50 ದಾಟಿದವರು, ನಿಮ್ಮ ನಿಯಮದ ಪ್ರಕಾರ ಅಪ್ಪಟ ವಯಸ್ಕರು. ಮುಂದಿನ ಆಗಸ್ಟ್‌ಗೆ ಅದೇ ಸೈಟ್‌ನಲ್ಲಿ ಸಿಕ್ಕಷ್ಟು ಪಿಚ್ ಬುಕ್ ಮಾಡೋಣ ಅಂತ ಮಾತಾಗಿದೆ. ಇಸ್ಪೀಟು ಇರುತ್ತದೆ, ಅಂತ್ಯಾಕ್ಷರಿ ಇರುತ್ತದೆ, ರಾಜಕೀಯ ಇರುತ್ತದೆ. ಬೆಳಿಗ್ಗೆ 7ಕ್ಕೆ ಸರಿಯಾಗಿ ಮಿಕ್ಸಿಯಲ್ಲಿ ಚಟ್ನಿ ರುಬ್ಬಲು ಶುರು, ರಾತ್ರಿ 10 ಗಂಟೆ 59 ನಿಮಿಷಕ್ಕೆ ಬಂದ್. ನಿಯಮ ಒಂದನ್ನೂ ಮೀರುವುದಿಲ್ಲ. ವಾರ್ಡನ್‌ಗೆ ಈಗಲೇ ತಿಳಿಸಿಬಿಡಿ.

ಇಂತಿ,
ಸದ್ಯಕ್ಕಿನ್ನೂ ನಿಮ್ಮ ಸದಸ್ಯ