ಕೊಯ್ಲಿನ ಕಾಲದ ಕರೆಂಟು

ಸೋನೋಮಾ, ಕ್ಯಾಲಿಫೋರ್ನಿಯಾ
ಅಕ್ಟೋಬರ್, ಭಾನುವಾರ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಮರೆಯದೆ ತಿಳಿಸಿ.

ಇಲ್ಲಿ ದ್ರಾಕ್ಷಿ ಕೊಯ್ಲು ಮುಗಿಯುತ್ತಾ ಬಂತು. ಕೊಯ್ಯುವುದು ರಾತ್ರಿ, ತಲೆಗೆ ದೀಪ ಕಟ್ಟಿಕೊಂಡು. ಹಣ್ಣು ತಣ್ಣಗಿದ್ದಷ್ಟೂ ಮುಂದಿನ ಖರ್ಚು ಕಡಿಮೆ. ರಸ ಹುದುಗೇಳುವಾಗ ತಾನಾಗಿಯೇ ಬಿಸಿಯೇರುತ್ತದೆ. ಬಿಳಿ ವೈನಿನ ತೊಟ್ಟಿಯನ್ನು 12ರಿಂದ 16 ಡಿಗ್ರಿಯಲ್ಲೇ ಹಿಡಿದಿಡಬೇಕು. ಕರೆಂಟಿನ ದೊಡ್ಡ ಪಾಲು ಹೋಗುವುದು ಈ ತಂಪಿಗೇ. ಅದಕ್ಕಾಗಿ ತೋಟದ ಮಾಲೀಕರು ಉಗ್ರಾಣದ ಚಾವಣಿ ತುಂಬ ಸೋಲಾರ್ ಹಾಕಿಸಿದ್ದಾರೆ.

ಕಳೆದ ವಾರ ಒಣಗಾಳಿ ಎದ್ದಿತು. ತಂತಿಯ ಕಿಡಿಯಿಂದ ಕಾಡ್ಗಿಚ್ಚು ಹತ್ತೀತೆಂಬ ಭಯಕ್ಕೆ ಇಂಥ ದಿನ ಇಲ್ಲಿ ಊರಿಗೂರೇ ಕರೆಂಟು ತೆಗೆದುಬಿಡುತ್ತಾರೆ. ನಾನು ತೊಟ್ಟಿಯ ಥರ್ಮಾಮೀಟರಿನ ಮುಂದೆ ನಿಂತೇ ಇದ್ದೆ. ಬ್ಯಾಟರಿ ಕೈಹಿಡಿಯಿತು, ಮುಳ್ಳು 14ರಿಂದ ಅಲುಗಲಿಲ್ಲ. ಆಗ ಕಣ್ಣಮುಂದೆ ಬಂದದ್ದು ನೀವು. ಕರೆಂಟು ಹೋಗಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಅರ್ಧದಲ್ಲಿ ನಿಂತು, ಅಳೆದು ಸುರಿದ ಹಣ್ಣು ರಾಶಿಯಲ್ಲೇ ಬೆಚ್ಚಗಾಗುತ್ತಿದ್ದರೆ, ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಕಾಯುತ್ತಿದ್ದಿರಿ.

ಗೋದಾಮಿನ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದೆ ಎಂದಿರಲ್ಲ, ಅದಕ್ಕೇ ಈ ಪತ್ರ. ಬರೀ ಲೈನಿಗೆ ಜೋಡಿಸಿದ ಸೋಲಾರ್ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಸೋಲಾರ್ ಕರೆಂಟು ಬರುವುದು ಬಿಸಿಲಿನಲ್ಲಿ, ನಮ್ಮ ಪಲ್ಪರ್ ತಿರುಗುವುದು ಸಂಜೆ ಹಣ್ಣು ಅಳೆದ ಮೇಲೆ. ಹಾಗಾಗಿ ಬ್ಯಾಟರಿ ಇಲ್ಲದೆ ನಮಗೆ ಉಪಯೋಗವಿಲ್ಲ. 5 ಎಚ್‌ಪಿ ಮೋಟಾರು ಮೂರು ಗಂಟೆ ತಿರುಗಿದರೆ ಸುಮಾರು 11 ಯೂನಿಟ್. ಒಳ್ಳೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೋಟಾರು ಶುರುವಾಗುವಾಗ ಕರೆಂಟು ಜಾಸ್ತಿ ಎಳೆಯುವುದರಿಂದ ಇನ್ವರ್ಟರ್ ಮಾತ್ರ ದೊಡ್ಡದೇ ಬೇಕು. ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಸೂರ್ಯ ಕಾಣುವುದಿಲ್ಲ ಎನ್ನುತ್ತೀರಿ, ನಿಜ. ಆದರೆ ಪಲ್ಪರ್ ತಿರುಗುವುದು ಮಳೆ ಹೋದ ಮೇಲೆ ತಾನೆ? ಕಣದಲ್ಲಿ ಕಾಫಿ ಒಣಗಿಸುವ ಬಿಸಿಲೇ ಸಾಕು.

ಇಲ್ಲಿಯವರ ಬೇಸಾಯ ನೋಡಿದರೆ ನಿಮಗೆ ಬಹಳ ಇಷ್ಟವಾಗುತ್ತಿತ್ತು. ಹಿಂಡಿದ ಸಿಪ್ಪೆ, ಬೀಜವೆಲ್ಲ ನಮ್ಮ ಕಾಫಿ ಸಿಪ್ಪೆಯಂತೆಯೇ ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ಕೊಯ್ಲಾದ ಮೇಲೆ ಸಾಲುಗಳ ನಡುವೆ ಸಾಸಿವೆ, ದ್ವಿದಳ ಬಿತ್ತುತ್ತಾರೆ, ಚಳಿಗಾಲಕ್ಕೆ ಕುರಿ ಬಿಡುತ್ತಾರೆ. ಬೇರು ಕಡಿಯುವ ಹೆಗ್ಗಣದಂಥ ಪ್ರಾಣಿಗೆ ವಿಷ ಇಡುವುದಿಲ್ಲ. ಕಂಬಗಳ ಮೇಲೆ ಗೂಬೆಗೆ ಮರದ ಪೆಟ್ಟಿಗೆ ಕಟ್ಟಿದ್ದಾರೆ. ಒಂದರ ಕೆಳಗೆ ಗೂಬೆ ಕಕ್ಕಿದ ಉಂಡೆ ಸಿಕ್ಕಿತು. ಒಡೆದರೆ ಬೂದು ಕೂದಲಿನ ನಡುವೆ ಹಳದಿ ಹಲ್ಲಿನ ಪುಟ್ಟ ದವಡೆ. ಅದನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಗೋದಾಮಿನ ಚಾವಣಿಯ ಅಳತೆ ಬರೆದು ಕಳುಹಿಸಿ. ಪಕ್ಕದ ಸಿಲ್ವರ್ ಓಕ್ ನೆರಳು ಎಷ್ಟು ಗಂಟೆಗೆ ಶೀಟಿನ ಮೇಲೆ ಬೀಳುತ್ತದೆ ಎಂದೂ ನೋಡಿ. ಮರ ಕಡಿಸುವುದು ಬೇಡ, ಪ್ಯಾನೆಲ್ಲನ್ನೇ ಆಚೆ ಸರಿಸೋಣ.

ಇಂತಿ ನಿಮ್ಮ ಪ್ರೀತಿಯ ಮಗಳು