ಪೌರಶಿಕ್ಷಣದ ಪಾಠಪೆಟ್ಟಿಗೆಗೆ ದೇಣಿಗೆ ಮನವಿ

ಮಾನ್ಯರೇ,

ಹೈಸ್ಕೂಲ್ ಮಕ್ಕಳ ಪೌರಶಿಕ್ಷಣಕ್ಕಾಗಿ ದುಡಿಯುತ್ತಿರುವ ನಮ್ಮ ಟ್ರಸ್ಟ್, ತರಗತಿಯ ಪಾಠಕ್ಕೆ ಬೇಕಾದ ನಕ್ಷೆ, ಕಡತಗಳಿರುವ ಮುಂದಿನ ಶೈಕ್ಷಣಿಕ ವರ್ಷದ ಪಾಠಪೆಟ್ಟಿಗೆಗಳಿಗೂ ಶಿಕ್ಷಕರ ತರಬೇತಿಗೂ ತಮ್ಮ ನೆರವು ಕೋರುತ್ತಿದೆ.

ಜಾಗತಿಕ ಪೌರತ್ವ, ಮಾನವ ಹಕ್ಕು, ಶಾಂತಿ ಇವುಗಳ ತಿಳಿವಳಿಕೆ 2030ರೊಳಗೆ ಕಲಿಯುವವರೆಲ್ಲರಿಗೂ ಸಿಗಬೇಕೆಂಬುದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 4.7ನೇ ಗುರಿ. ಮಾತು ದೊಡ್ಡದು. ತರಗತಿಗೆ ಬರುವಷ್ಟರಲ್ಲಿ ಅದು ಬಾವುಟಗಳ ಪ್ರದರ್ಶನ, ವೇಷಭೂಷಣ ಸ್ಪರ್ಧೆ, ಒಂದು ಭಾಷಣದ ಮಟ್ಟಕ್ಕೆ ಇಳಿದಿರುತ್ತದೆ. ಮಕ್ಕಳು ಖುಷಿಪಡುತ್ತಾರೆ, ನಿಜ. ತಾವು ತೊಟ್ಟ ಅಂಗಿಗೂ ಅದನ್ನು ಹೊಲಿದವರ ಸುರಕ್ಷತೆಗೂ ಇರುವ ನಂಟು ಮಾತ್ರ ತಿಳಿಯುವುದೇ ಇಲ್ಲ.

ಪೆಟ್ಟಿಗೆಯ ಮೊದಲ ಪಾಠ ಆ ನಂಟಿನದೇ. 2013ರ ಏಪ್ರಿಲ್ 24ರಂದು ಢಾಕಾ ಬಳಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಹಿಂದಿನ ದಿನವೇ ಕಂಡಿತ್ತು. ಅಲ್ಲಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು, ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಒಳಕ್ಕೆ ಕರೆಸಲಾಯಿತು. ಹೊಣೆ ಯಾರದು? 40 ಮಕ್ಕಳಿದ್ದರೆ ಐವರಂತೆ 8 ಗುಂಪು, ಒಂದೊಂದಕ್ಕೂ ಒಂದು ಪಾತ್ರ: ಕಾರ್ಮಿಕರು, ಕಾರ್ಖಾನೆಯವರು, ಕಟ್ಟಡದ ಮಾಲೀಕ, ತಪಾಸಣಾಧಿಕಾರಿ, ವಿದೇಶಿ ಬ್ರ್ಯಾಂಡ್, ಸರ್ಕಾರ, ಗ್ರಾಹಕರು, ಪತ್ರಕರ್ತರು. ಮೊದಲ ಪೀರಿಯಡ್‌ನಲ್ಲಿ ತಮ್ಮ ಬಟ್ಟೆಗಳ ಲೇಬಲ್ ಓದಿ ನಕ್ಷೆಯಲ್ಲಿ ಗುರುತು ಹಾಕುತ್ತಾರೆ, ಎರಡನೆಯದರಲ್ಲಿ ದಾಖಲೆ ಓದು, ಮೂರನೆಯದರಲ್ಲಿ ವಿಚಾರಣೆ. ನಾಲ್ಕನೆಯದರಲ್ಲಿ, ಮಕ್ಕಳು ತಾವೇ ಸುರಕ್ಷತೆಯ ಷರತ್ತುಗಳನ್ನು ಬರೆದು, 2013ರ ಮೇ ತಿಂಗಳಲ್ಲಿ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಮಾಡಿಕೊಂಡ ಕಟ್ಟಡ ಸುರಕ್ಷತಾ ಒಪ್ಪಂದವನ್ನು ಅವುಗಳ ಜೊತೆ ಹೋಲಿಸುತ್ತಾರೆ.

ಪಾಠ ಎಡವುವುದು ಮೂರನೇ ಪೀರಿಯಡ್‌ನಲ್ಲಿ. ಮಾತುಗಾರ ಮಕ್ಕಳು ಇಬ್ಬರೋ ಮೂವರೋ ಇಡೀ ವಿಚಾರಣೆ ನುಂಗಿಬಿಡುತ್ತಾರೆ. ಅದಕ್ಕೇ ತಲಾ ಎರಡು ಚೀಟಿ: ಮಾತಿಗೊಂದು ಚೀಟಿ ಕೊಡಬೇಕು, ಮುಗಿದರೆ ಮೌನ. ಅದಕ್ಕಿಂತ ಕಷ್ಟದ್ದು ಶಿಕ್ಷಕರ ಅವಸರ. ವಾದ ಬಿಸಿಯಾದೊಡನೆ ತಾವೇ ತೀರ್ಪು ಹೇಳುತ್ತಾರೆ, ಇಲ್ಲವೇ ವಿಷಯ ಬದಲಿಸುತ್ತಾರೆ. ಇದು ಕೈಪಿಡಿ ಓದಿ ಹೋಗುವ ಅಭ್ಯಾಸವಲ್ಲ. ಎರಡು ದಿನದ ತರಬೇತಿ ಆದಮೇಲೂ ಅನುಭವಿಗಳೊಬ್ಬರು ತರಗತಿಯ ಹಿಂದೆ ಕೂತು ನೋಡಿ, ಪಾಠ ಮುಗಿದ ಮೇಲೆ ಮಾತಾಡಬೇಕು. ದೇಣಿಗೆಯ ದೊಡ್ಡ ಪಾಲು ಹೋಗುವುದು ಇಲ್ಲಿಗೇ.

ಒಂದು ಪೆಟ್ಟಿಗೆಯಲ್ಲಿ 8 ಪ್ರಪಂಚ ನಕ್ಷೆ, 8 ದಾಖಲೆ ಕಡತ, 80 ಚೀಟಿ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ (1948) 30 ವಿಧಿಗಳ ಸರಳ ಪ್ರತಿ 40 ಇರುತ್ತವೆ. ನ್ಯಾಯವಾದ ಕೆಲಸದ ಪರಿಸ್ಥಿತಿಯ ಮಾತು 23ನೇ ವಿಧಿಯಲ್ಲಿದೆ. ವಸ್ತುರೂಪದ ದೇಣಿಗೆಯೂ ಆಗಬಹುದು. ಆದರೆ 2011ರಲ್ಲಿ ಸ್ವತಂತ್ರವಾದ ದಕ್ಷಿಣ ಸುಡಾನ್ ಇಲ್ಲದ ಹಳೆಯ ಅಟ್ಲಾಸ್‌ಗಳು ದಯವಿಟ್ಟು ಬೇಡ.

ದಾನಿಗಳ ಹೆಸರು, ಲೋಗೊ ಪಾಠದ ಹಾಳೆಗಳ ಮೇಲೆ ಅಚ್ಚಾಗುವುದಿಲ್ಲ. ಕಂಪನಿಗಳ ಹೊಣೆಯನ್ನು ಪ್ರಶ್ನಿಸುವ ಹಾಳೆಯ ಮೇಲೆಯೇ ಒಂದು ಕಂಪನಿಯ ಗುರುತಿದ್ದರೆ ಮಕ್ಕಳು ಪ್ರಶ್ನೆಯನ್ನೇ ನಂಬರು. ಹೆಸರುಗಳು ವಾರ್ಷಿಕ ಲೆಕ್ಕಪತ್ರದಲ್ಲಿರುತ್ತವೆ.

ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ ಅದನ್ನೇ ಮೂರು ವರ್ಷದ ಕಂತುಗಳಾಗಿ ಕೊಟ್ಟರೆ ಹೆಚ್ಚು ಅನುಕೂಲ. ಒಬ್ಬ ಶಿಕ್ಷಕರು ಇದೇ ಪಾಠವನ್ನು ಎರಡು ಮೂರು ಸಲ ಮಾಡಿದ ಮೇಲೆಯೇ ಕೈ ಪಳಗುವುದು. ಪ್ರತಿ ಕಂತಿಗೂ ರಸೀದಿ, ವರ್ಷದ ಕೊನೆಗೆ ಖರ್ಚಿನ ಪೂರ್ಣ ವಿವರ ಕಳಿಸುತ್ತೇವೆ.

ಇಂತಿ,
ಟ್ರಸ್ಟಿಗಳು