ರಟ್ಟಿನ ಊರು ಕೆಡವುವ ಮುನ್ನ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ನೀನು ರಟ್ಟಿನಲ್ಲಿ ಕಟ್ಟಿದ ಬೀದಿ ತುಂಬಾ ಚೆನ್ನಾಗಿದೆ. ಅಂಗಡಿಗಳಿಗೆ ಬೋರ್ಡು ಕೂಡ ಬರೆದಿದ್ದೀಯ! ಆದರೆ ನಿನ್ನ ತಮ್ಮ ರಾಕ್ಷಸನ ವೇಷದಲ್ಲಿ ಕಾಲಿಟ್ಟ ಕೂಡಲೇ ಗೋಡೆ ಪಟ್ಟಂತ ಬಿದ್ದುಬಿಡುತ್ತದೆ. ಅಲ್ಲೇ ಅದು ಆಟಿಕೆ ಅಂತ ಗೊತ್ತಾಗುವುದು, ಅಲ್ವಾ?

1954ರಲ್ಲಿ ಜಪಾನಿನ ತೋಹೋ ಸ್ಟುಡಿಯೋದಲ್ಲಿ ಊರು ಕೆಡವುವ ದೈತ್ಯ ಪ್ರಾಣಿಯ ಸಿನಿಮಾ 'ಗಾಡ್ಜಿಲ್ಲಾ' ತೆಗೆಯುವಾಗ, ಅದರ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಎಯ್ಜಿ ತ್ಸುಬುರಾಯಾ ಇದನ್ನೇ ಗೆಲ್ಲಬೇಕಿತ್ತು. ಬೊಂಬೆಯನ್ನು ಚೂರುಚೂರೇ ಅಲುಗಿಸಿ ಒಂದೊಂದೇ ಫ್ರೇಮ್ (ಬಿಡಿ ಚಿತ್ರ) ತೆಗೆಯಲು ಅವರ ಕೈಯಲ್ಲಿ ಸಮಯವಿರಲಿಲ್ಲ. ಮನುಷ್ಯನಿಗೇ ರಬ್ಬರಿನ ವೇಷ ತೊಡಿಸಿದರು. ಕಥೆಯಲ್ಲಿ ಆ ಪ್ರಾಣಿಯ ಎತ್ತರ 50 ಮೀಟರ್. ಹಾಗಾಗಿ ಊರನ್ನು 25 ಪಟ್ಟು ಚಿಕ್ಕದಾಗಿ ಕಟ್ಟಿದರು. ಆಮೇಲೆ ಕ್ಯಾಮೆರಾದಲ್ಲಿ ಸೆಕೆಂಡಿಗೆ ಹೆಚ್ಚು ಫ್ರೇಮ್ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿದರು. ಪರದೆಯ ಮೇಲೆ ಎಲ್ಲವೂ ನಿಧಾನವಾಯಿತು, ಭಾರವಾಯಿತು.

ಲೆಕ್ಕ ಸುಲಭ. ಗೋಡೆ 25 ಪಟ್ಟು ಚಿಕ್ಕದಾದರೆ, ಬೀಳುವುದು 25ರ ವರ್ಗಮೂಲದಷ್ಟು, ಅಂದರೆ 5 ಪಟ್ಟು ಬೇಗ. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಬದಲು 120 ತೆಗೆದು, 24ರಲ್ಲಿ ತೋರಿಸು. ನಿನ್ನ ಫೋನಿನಲ್ಲಿ ಈ ಸ್ಲೋ ಮೋಷನ್ ಇದ್ದೇ ಇದೆ. ರಟ್ಟು ಮಡಚಿಕೊಳ್ಳುತ್ತದೆ, ಪುಡಿಯಾಗುವುದಿಲ್ಲ. ಒಂದೆರಡು ಗೋಡೆಯನ್ನಾದರೂ ತೆಳುವಾದ ಪ್ಲಾಸ್ಟರಿನಲ್ಲಿ ಮಾಡಿ, ಹಿಂಬದಿಯಲ್ಲಿ ಮೊದಲೇ ಗೀರು ಹಾಕಿಡು.

ತಮ್ಮನಿಗೂ ಒಂದು ಮಾತು. ಅವನು ಸುಮ್ನೆ ಕುಣಿಯುತ್ತಿದ್ದಾನೆ. ಗಾಡ್ಜಿಲ್ಲಾ ವೇಷ ತೊಟ್ಟ ಹರುವೊ ನಕಾಜಿಮಾ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆ ನೋಡಿ ಕಲಿತರು. ಅವರ ಮೊದಲ ವೇಷವೇ ಸುಮಾರು 100 ಕಿಲೋ ಇತ್ತಂತೆ. ಅದರಲ್ಲಿ ನಡೆಯುವುದೇ ಕಷ್ಟವಾಗಿ ಇನ್ನೊಂದು ಮಾಡಬೇಕಾಯಿತು. ನೀವು ಅಷ್ಟು ದೂರ ಹೋಗಬೇಕಿಲ್ಲ. ಕೆರೆಯಿಂದ ಎಮ್ಮೆ ಎದ್ದು ಬರುವುದನ್ನು ಅವನಿಗೆ ಅರ್ಧ ಗಂಟೆ ತೋರಿಸು, ಸಾಕು. ವೇಷದೊಳಗೆ ಸೆಖೆ ಜಾಸ್ತಿ. ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿಸಿ ನೀರು ಕೊಡು. ಇದನ್ನು ಮಾತ್ರ ಮರೆಯಬೇಡ.

ಮುಂದೆ ಪ್ರವಾಹದ ದೃಶ್ಯ ತೆಗೆಯುತ್ತೇನೆ ಅಂದಿದ್ದೀಯಲ್ಲ, ಅದು ಈಗ ಬೇಡ. ಊರನ್ನು ಎಷ್ಟು ಚಿಕ್ಕದು ಮಾಡಿದರೂ ನೀರಿನ ಹನಿ ಚಿಕ್ಕದಾಗುವುದಿಲ್ಲ. ನೋಡುವವರಿಗೆ ತಕ್ಷಣ ಬಕೆಟ್ಟು ನೆನಪಾಗುತ್ತದೆ. ಅದರ ಬದಲು ಕರೆಂಟ್ ಟವರ್ ಮಾಡೋಣ. ಆ ಚಿತ್ರದಲ್ಲಿ ಗಾಡ್ಜಿಲ್ಲಾ ಉಸಿರಿಗೆ ಕರಗುವ ಟವರ್‌ಗಳು ಮೇಣದವು. ಬಿಸಿ ಗಾಳಿ ಊದಿ ಕರಗಿಸಿದ್ದರು. ಎಷ್ಟು ಸಲ ನೋಡಿದರೂ ನನಗೆ ಆ ದೃಶ್ಯ ಸಾಲದು.

ದೇವರ ಮನೆಯಲ್ಲಿ ಉಳಿದ ಮೇಣದಬತ್ತಿ ತುಂಡುಗಳನ್ನೆಲ್ಲ ಡಬ್ಬಿಗೆ ಹಾಕಿಡುತ್ತಿದ್ದೇನೆ. ರಜೆಗೆ ಬರುವಾಗ ಅಮ್ಮನ ಹೇರ್ ಡ್ರೈಯರ್ ತಾ.

ನಿನ್ನ ದೊಡ್ಡಪ್ಪ